ವಿಶ್ವಮೇಳಗಳ ವಿದ್ಯುತ್ ಪ್ರದರ್ಶನಗಳ ಪತ್ರಿಕಾಚಿತ್ರ ಸಂಗ್ರಹ

ವಿಶ್ವಮೇಳಗಳ ವಿದ್ಯುತ್ ಪ್ರದರ್ಶನಗಳ ಪತ್ರಿಕಾಚಿತ್ರ ಸಂಗ್ರಹ ಎಂದರೆ, ೧೯ನೆಯ ಶತಮಾನದ ಉತ್ತರಾರ್ಧ ಮತ್ತು ೨೦ನೆಯ ಶತಮಾನದ ಆರಂಭದಲ್ಲಿ ನಡೆದ ಅಂತಾರಾಷ್ಟ್ರೀಯ ಮೇಳಗಳಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಯಂತ್ರ, ದೀಪ ಮತ್ತು ಕಟ್ಟಡಗಳನ್ನು ಚಿತ್ರಿಸಿ ಅಂದಿನ ಸಚಿತ್ರ ಪತ್ರಿಕೆಗಳು ಅಚ್ಚುಹಾಕಿದ ಪುಟಗಳನ್ನು ಹುಡುಕಿ, ಗುರುತಿಸಿ, ಕಾಪಾಡುವ ಹವ್ಯಾಸ ಮತ್ತು ಅಧ್ಯಯನ. ಇದು ಪ್ರಾಚ್ಯವಸ್ತು ಸಂಗ್ರಹ, ಮುದ್ರಣದ ಇತಿಹಾಸ ಮತ್ತು ವಿಜ್ಞಾನದ ಇತಿಹಾಸ ಈ ಮೂರೂ ಕೂಡುವ ಕ್ಷೇತ್ರ. ಇಂತಹ ಚಿತ್ರಗಳು ಮೂಲತಃ ಗೋಡೆಗೆ ತೂಗುಹಾಕಲು ತಯಾರಾದವಲ್ಲ. ಒಂದು ವಾರ ಓದಿ ಬದಿಗಿಡುವ ಪತ್ರಿಕೆಯ ಪುಟಗಳು. ಆದ್ದರಿಂದಲೇ ಅವು ಉಳಿದಿರುವುದು ವಿರಳ, ಉಳಿದವುಗಳ ಸ್ಥಿತಿಯೂ ನಾಜೂಕು.

ಕರ್ನಾಟಕದ ಓದುಗರಿಗೆ ಈ ವಿಷಯ ತೋರುವಷ್ಟು ದೂರದ್ದಲ್ಲ. ೧೮೯೩ರ ಷಿಕಾಗೊ ಮೇಳದಲ್ಲಿ ಜನರು ಬೆರಗಿನಿಂದ ನೋಡಿದ ತಂತ್ರಜ್ಞಾನವು ಒಂಬತ್ತು ವರ್ಷಗಳ ಒಳಗೆ ಕಾವೇರಿಯ ಶಿವನಸಮುದ್ರಕ್ಕೆ ಬಂದು ಕೋಲಾರದ ಚಿನ್ನದ ಗಣಿಗಳನ್ನು ನಡೆಸತೊಡಗಿತು.

ಸಚಿತ್ರ ಪತ್ರಿಕೆಗಳ ಉಗಮ

ಸುದ್ದಿಗೆ ಚಿತ್ರವನ್ನು ಕ್ರಮವಾಗಿ ಜೋಡಿಸಿದ ಮೊದಲ ವಾರಪತ್ರಿಕೆ ಲಂಡನ್ನಿನ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್'. ಹರ್ಬರ್ಟ್ ಇಂಗ್ರಾಮ್ ಇದನ್ನು ೧೮೪೨ರ ಮೇ ತಿಂಗಳಲ್ಲಿ ಆರಂಭಿಸಿದನು. ಮರುವರ್ಷ ಪ್ಯಾರಿಸ್ಸಿನಲ್ಲಿ 'ಲಿಲ್ಲುಸ್ತ್ರಾಸಿಯೋ', ಜುಲೈ ತಿಂಗಳಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ 'ಇಲ್ಲುಸ್ಟ್ರಿರ್ಟೆ ತ್ಸೈಟುಂಗ್' ಹೊರಬಂದವು. ಅದೇ ೧೮೪೩ರ ಜುಲೈ ೧ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದನು ಎಂಬುದು ಗಮನಿಸತಕ್ಕ ಸಂಗತಿ. ಕಾಲದ ದೃಷ್ಟಿಯಿಂದ ಕನ್ನಡ ಪತ್ರಿಕೋದ್ಯಮವು ಯೂರೋಪಿನ ಸಚಿತ್ರ ಪತ್ರಿಕೋದ್ಯಮದ ಸಮವಯಸ್ಕ. ಸಾಧನಸಂಪತ್ತಿನಲ್ಲಿ ಮಾತ್ರ ಹೋಲಿಕೆಯಿಲ್ಲ.

ಅಮೆರಿಕದಲ್ಲಿ 'ಸೈಂಟಿಫಿಕ್ ಅಮೆರಿಕನ್' (೧೮೪೫), 'ಫ್ರ್ಯಾಂಕ್ ಲೆಸ್ಲೀಸ್ ಇಲ್ಲಸ್ಟ್ರೇಟೆಡ್ ನ್ಯೂಸ್‌ಪೇಪರ್' (೧೮೫೫) ಮತ್ತು 'ಹಾರ್ಪರ್ಸ್ ವೀಕ್ಲಿ' (೧೮೫೭) ಪ್ರಮುಖವಾದವು. ಲಂಡನ್ನಿನ 'ದಿ ಗ್ರಾಫಿಕ್' ೧೮೬೯ರಲ್ಲಿ ಆರಂಭವಾಯಿತು. ವಿದ್ಯುತ್ತಿನ ವಿಷಯಕ್ಕೆ ಎಲ್ಲಕ್ಕಿಂತ ನಂಬಲರ್ಹವಾದುದು ೧೮೭೩ರಲ್ಲಿ ಗಾಸ್ತೋ ತಿಸ್ಸಾಂದಿಯೆ ಆರಂಭಿಸಿದ ಫ್ರೆಂಚ್ ವಿಜ್ಞಾನ ವಾರಪತ್ರಿಕೆ 'ಲಾ ನಾತೂರ್'. ಇದರ ಚಿತ್ರಗಾರರು ಯಂತ್ರದ ಒಳಭಾಗವನ್ನು ಅರ್ಥಮಾಡಿಕೊಂಡು ಬರೆಯುತ್ತಿದ್ದರು. ಸಾಮಾನ್ಯ ವಾರಪತ್ರಿಕೆಗಳ ಚಿತ್ರದಲ್ಲಿ ಜನಸಂದಣಿ, ಟೊಪ್ಪಿಗೆ, ಕೊಡೆ, ಬೆರಗಾದ ಮುಖಗಳು ಹೆಚ್ಚು. 'ಲಾ ನಾತೂರ್'ನಲ್ಲಿ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದು ಕಾಣುತ್ತದೆ. ಎರಡು ಬಗೆಯ ಚಿತ್ರಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಒಂದು ಮೇಳದ ಪೂರ್ಣಸ್ವರೂಪ ದೊರೆಯುವುದು.

ಚಿತ್ರಗಳ ತಯಾರಿ

೧೮೯೦ರವರೆಗಿನ ಬಹುಪಾಲು ಚಿತ್ರಗಳು ಮರದಚ್ಚಿನವು. ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಕಾಂಡವನ್ನು ಅಡ್ಡಲಾಗಿ ಕೊಯ್ದು, ಆ ಮುಖವನ್ನು ನಯಗೊಳಿಸಿ, ಅದರ ಮೇಲೆ ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಭಾಗವನ್ನು ಉಳಿಯಿಂದ ಕೆತ್ತಿ ತೆಗೆಯುತ್ತಿದ್ದರು. ಈ ಮರ ದಪ್ಪವಾಗಿ ಬೆಳೆಯುವುದಿಲ್ಲ. ಆದ್ದರಿಂದ ಒಂದು ಪುಟದ ಅಥವಾ ಜೋಡಿಪುಟದ ಚಿತ್ರಕ್ಕಾಗಿ ಹಲವು ಸಣ್ಣ ತುಂಡುಗಳನ್ನು ಹಿಂಬದಿಯಲ್ಲಿ ಬೋಲ್ಟು ಹಾಕಿ ಸೇರಿಸುತ್ತಿದ್ದರು. ಚಿತ್ರ ಬರೆದಾದ ಮೇಲೆ ತುಂಡುಗಳನ್ನು ಬಿಚ್ಚಿ ಬೇರೆ ಬೇರೆ ಕೆತ್ತನೆಗಾರರಿಗೆ ಹಂಚಿದರೆ ವಾರದೊಳಗೆ ಕೆಲಸ ಮುಗಿಯುತ್ತಿತ್ತು. ಮತ್ತೆ ಜೋಡಿಸುವಾಗ ಸಂದು ಸರಿಯಾಗಿ ಕೂಡದಿದ್ದರೆ ಅಚ್ಚಾದ ಪುಟದಲ್ಲಿ ಕೂದಲೆಳೆಯಂತಹ ಬಿಳಿ ಗೆರೆ ಉಳಿಯುತ್ತದೆ. ಹೊಸ ಸಂಗ್ರಾಹಕರು ಇದನ್ನು ದೋಷವೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ಪುಟವು ಅಸಲಿ ಎಂಬುದಕ್ಕೆ ದೊರೆಯುವ ಸಾಕ್ಷ್ಯಗಳಲ್ಲಿ ಒಂದು.

ಕೆತ್ತಿದ ಮರವನ್ನೇ ನೇರವಾಗಿ ಯಂತ್ರಕ್ಕೆ ಕೊಟ್ಟರೆ ಸಾವಿರಾರು ಪ್ರತಿಗಳ ಒತ್ತಡಕ್ಕೆ ಅದು ಸವೆಯುತ್ತದೆ. ಇದನ್ನು ತಪ್ಪಿಸಲು ಮರದ ಅಚ್ಚಿನಿಂದ ಮೇಣದ ಪಡಿಯಚ್ಚು ತೆಗೆದು, ವಿದ್ಯುದ್ವಿಭಜನೆಯ ಮೂಲಕ ಅದರ ಮೇಲೆ ತಾಮ್ರದ ಪದರವನ್ನು ಬೆಳೆಸಿ, ಆ ತಾಮ್ರದ ತಗಡಿನಿಂದ ಮುದ್ರಿಸುವ ಪದ್ಧತಿ ಬಳಕೆಗೆ ಬಂದಿತು. ಹೀಗೆ ವಿದ್ಯುತ್ತಿನ ಪ್ರದರ್ಶನವನ್ನು ಓದುಗರಿಗೆ ತೋರಿಸಿದ ಚಿತ್ರದ ಹಿಂದೆ ವಿದ್ಯುತ್ತಿನದೇ ಕೆಲಸವಿತ್ತು.

೧೮೮೦ರ ಮಾರ್ಚ್ ೪ರಂದು ನ್ಯೂಯಾರ್ಕಿನ 'ಡೈಲಿ ಗ್ರಾಫಿಕ್' ಛಾಯಾಚಿತ್ರವೊಂದನ್ನು ಹಾಫ್‌ಟೋನ್ ವಿಧಾನದಲ್ಲಿ, ಅಂದರೆ ಸಣ್ಣ ಚುಕ್ಕೆಗಳಾಗಿ ಒಡೆದು, ಮುದ್ರಿಸಿತು. ಮುಂದಿನ ಎರಡು ದಶಕಗಳಲ್ಲಿ ಈ ವಿಧಾನವು ಮರದ ಕೆತ್ತನೆಯನ್ನು ಮೂಲೆಗೊತ್ತಿತು. ೧೮೯೩ರ ಪತ್ರಿಕೆಗಳಲ್ಲಿ ಎರಡೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ೧೯೦೦ರ ಹೊತ್ತಿಗೆ ಛಾಯಾಚಿತ್ರದ್ದೇ ಮೇಲುಗೈ.

ಸಂಗ್ರಹಕ್ಕೆ ವಸ್ತುವಾದ ಮೇಳಗಳು

೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ವಿದ್ಯುತ್ ಎಂದರೆ ಮುಖ್ಯವಾಗಿ ತಂತಿ ವಾರ್ತೆಯ ಉಪಕರಣಗಳು. ೧೮೭೩ರ ವಿಯೆನ್ನಾ ಮೇಳದಲ್ಲಿ ಗ್ರಾಮ್ ಡೈನಮೊ ಒಂದರಿಂದ ಬಂದ ವಿದ್ಯುತ್ತಿನಿಂದ ಇನ್ನೊಂದು ಡೈನಮೊವನ್ನು ಮೋಟಾರಿನಂತೆ ತಿರುಗಿಸಿ ನೀರೆತ್ತುವ ಪಂಪನ್ನು ನಡೆಸಿ ತೋರಿಸಲಾಯಿತು. ಶಕ್ತಿಯನ್ನು ತಂತಿಯ ಮೂಲಕ ಸಾಗಿಸಬಹುದೆಂಬ ವಿಚಾರ ಜನರ ಕಣ್ಣಿಗೆ ಬಿದ್ದದ್ದು ಇಲ್ಲಿಯೇ.

೧೮೭೬ರ ಫಿಲಡೆಲ್ಫಿಯಾ ಮೇಳದ ಚಿತ್ರಗಳನ್ನು ನೋಡುವವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಪುಟಗಳ ನಾಯಕ ವಿದ್ಯುತ್ ಅಲ್ಲ, ೧,೪೦೦ ಅಶ್ವಶಕ್ತಿಯ ಕಾರ್ಲಿಸ್ ಉಗಿಯಂತ್ರ. ಅಮೆರಿಕದ ಅಧ್ಯಕ್ಷ ಗ್ರಾಂಟ್ ಮತ್ತು ಬ್ರೆಜಿಲ್ಲಿನ ಚಕ್ರವರ್ತಿ ಎರಡನೆಯ ಪೆದ್ರೊ ಕೂಡಿ ಅದನ್ನು ಚಾಲನೆಗೊಳಿಸಿದ ದೃಶ್ಯಕ್ಕೆ ದೊರೆತ ಸ್ಥಳ ದೊಡ್ಡದು. ಅದೇ ಮೇಳದಲ್ಲಿ ಜೂನ್ ೨೫ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದೇ ಪೆದ್ರೊ ದೊರೆಗೆ ದೂರವಾಣಿಯನ್ನು ತೋರಿಸಿದನು. ಸಮಕಾಲೀನರಿಗೆ ಯಾವುದು ಮುಖ್ಯವೆನಿಸಿತ್ತು, ನಮಗೆ ಯಾವುದು ಮುಖ್ಯವೆನಿಸುತ್ತದೆ ಎಂಬುದರ ಅಂತರವನ್ನು ತಿಳಿಯಲು ಈ ಪತ್ರಿಕಾ ಪುಟಗಳಿಗಿಂತ ಉತ್ತಮ ಸಾಧನವಿಲ್ಲ.

೧೮೭೮ರ ಪ್ಯಾರಿಸ್ ಮೇಳದ ಕಾಲಕ್ಕೆ ಅವೆನ್ಯು ದ ಲೋಪೆರಾ ಬೀದಿಯಲ್ಲಿ ರಷ್ಯದ ಪಾವೆಲ್ ಯಾಬ್ಲೊಚ್ಕೋವ್‌ನ 'ವಿದ್ಯುತ್ ಮೇಣದಬತ್ತಿ'ಗಳು, ಅಂದರೆ ಒಂದು ಬಗೆಯ ಆರ್ಕ್ ದೀಪಗಳು, ಬೆಳಗಿದವು. ಆದರೆ ಸಂಗ್ರಾಹಕರು ಹೆಚ್ಚಾಗಿ ಅರಸುವುದು ೧೮೮೧ರ ಪ್ಯಾರಿಸ್ ಅಂತಾರಾಷ್ಟ್ರೀಯ ವಿದ್ಯುತ್ ಪ್ರದರ್ಶನದ ಪುಟಗಳನ್ನು. ಪೂರ್ತಿಯಾಗಿ ವಿದ್ಯುತ್ತಿಗೇ ಮೀಸಲಾದ ಮೊದಲ ದೊಡ್ಡ ಅಂತಾರಾಷ್ಟ್ರೀಯ ಪ್ರದರ್ಶನ ಇದು. ಆಗಸ್ಟಿನಿಂದ ನವೆಂಬರ್‌ವರೆಗೆ ಷಾಂಜೆಲಿಸೆಯ ಬಳಿಯ ಕೈಗಾರಿಕಾ ಭವನದಲ್ಲಿ ನಡೆಯಿತು. ಎಡಿಸನ್, ಸ್ವಾನ್, ಮ್ಯಾಕ್ಸಿಮ್, ಲೇನ್‌ಫಾಕ್ಸ್ ಈ ನಾಲ್ವರ ಬುರುಡೆ ದೀಪಗಳು ಒಂದೇ ಸೂರಿನಡಿ ಸ್ಪರ್ಧಿಸಿದವು. ಕ್ಲೆಮಾ ಅದೆರ್ ಎಂಬಾತ ಒಪೆರಾ ರಂಗಮಂದಿರದ ಸಂಗೀತವನ್ನು ತಂತಿಯ ಮೂಲಕ ಪ್ರದರ್ಶನಕ್ಕೆ ತಂದು ಕೇಳಿಸಿದನು; ಸಂದರ್ಶಕರು ಎರಡೂ ಕಿವಿಗೆ ಕೇಳುಗವಿಗಳನ್ನು ಹಿಡಿದು ನಿಂತ ಚಿತ್ರ ಬಹಳ ಪ್ರಸಿದ್ಧ. ಸೀಮೆನ್ಸ್ ಸಂಸ್ಥೆಯ ವಿದ್ಯುತ್ ಟ್ರಾಮ್ ಜನರನ್ನು ಭವನದ ಬಾಗಿಲಿಗೆ ತಂದು ಬಿಡುತ್ತಿತ್ತು. ವಿದ್ಯಾರ್ಥಿಗಳು ಇಂದು ಭೌತಶಾಸ್ತ್ರದ ತರಗತಿಯಲ್ಲಿ ಬಳಸುವ ವೋಲ್ಟ್, ಆಂಪಿಯರ್, ಓಮ್, ಕೂಲಂಬ್, ಫ್ಯಾರಡ್ ಮಾನಗಳಿಗೆ ಅಂತಾರಾಷ್ಟ್ರೀಯ ಒಪ್ಪಿಗೆ ದೊರೆತದ್ದೂ ಈ ಪ್ರದರ್ಶನದ ಜೊತೆಗೆ ನಡೆದ ವಿದ್ಯುತ್ ತಜ್ಞರ ಸಮ್ಮೇಳನದಲ್ಲಿ.

೧೮೮೨ರ ಮ್ಯೂನಿಕ್ ಪ್ರದರ್ಶನಕ್ಕೆ ಮೀಸ್‌ಬಾಕ್‌ನಿಂದ ೫೭ ಕಿಲೋಮೀಟರ್ ದೂರ ಏಕಮುಖ ಪ್ರವಾಹವನ್ನು ತಂದು ಕೃತಕ ಜಲಪಾತವೊಂದನ್ನು ನಡೆಸಲಾಯಿತು. ೧೮೯೧ರ ಫ್ರ್ಯಾಂಕ್‌ಫರ್ಟ್ ಪ್ರದರ್ಶನದಲ್ಲಿ ಲಾಫೆನ್ ಊರಿನ ಜಲವಿದ್ಯುತ್ತನ್ನು ಸುಮಾರು ೧೭೫ ಕಿಲೋಮೀಟರ್ ದೂರಕ್ಕೆ ಮೂರು ಹಂತದ ಪರ್ಯಾಯ ಪ್ರವಾಹವಾಗಿ ಸಾಗಿಸಿದರು. ಇವೆರಡರ ನಡುವೆ ನಡೆದ ೧೮೮೯ರ ಪ್ಯಾರಿಸ್ ಮೇಳದ ಐಫೆಲ್ ಗೋಪುರ ಮತ್ತು ಬಣ್ಣದ ಬೆಳಕಿನ ಕಾರಂಜಿಗಳ ಚಿತ್ರಗಳು ನೋಡಲು ಚೆನ್ನು, ಇತಿಹಾಸದ ದೃಷ್ಟಿಯಿಂದ ಫ್ರ್ಯಾಂಕ್‌ಫರ್ಟಿನ ಒಣ ರೇಖಾಚಿತ್ರಗಳೇ ಹೆಚ್ಚಿನವು.

೧೮೯೩ರ ಷಿಕಾಗೊ

ಕೊಲಂಬಸ್ ಅಮೆರಿಕ ತಲುಪಿದ ನಾನೂರನೆಯ ವರ್ಷದ ನೆನಪಿಗೆ ನಡೆದ ಷಿಕಾಗೊ ಮೇಳ ೧೮೯೩ರ ಮೇ ೧ರಿಂದ ಅಕ್ಟೋಬರ್ ೩೦ರವರೆಗೆ ನಡೆಯಿತು. ದೀಪಗಳ ಗುತ್ತಿಗೆಗಾಗಿ ಜನರಲ್ ಎಲೆಕ್ಟ್ರಿಕ್ ಮತ್ತು ವೆಸ್ಟಿಂಗ್‌ಹೌಸ್ ಸಂಸ್ಥೆಗಳ ನಡುವೆ ಪೈಪೋಟಿ ನಡೆದು, ಕಡಿಮೆ ಬೆಲೆ ಕೂಗಿದ ವೆಸ್ಟಿಂಗ್‌ಹೌಸ್ ಗೆದ್ದಿತು. ಎಡಿಸನ್ನನ ಬುರುಡೆ ದೀಪದ ಹಕ್ಕುಸ್ವಾಮ್ಯ ಅಡ್ಡಬಂದುದರಿಂದ ವೆಸ್ಟಿಂಗ್‌ಹೌಸ್ ಬಿರಡೆ ಹಾಕಿದ ಬೇರೆ ಮಾದರಿಯ ದೀಪವನ್ನೇ ತಯಾರಿಸಬೇಕಾಯಿತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಗುಂಡಿಯೊತ್ತಿ ಮೇಳದ ಯಂತ್ರಗಳಿಗೆ ಚಾಲನೆ ಕೊಟ್ಟ ಗಳಿಗೆಯನ್ನು ಬಹುತೇಕ ಎಲ್ಲ ಸಚಿತ್ರ ಪತ್ರಿಕೆಗಳೂ ಚಿತ್ರಿಸಿವೆ. ವಿದ್ಯುತ್ ಭವನದ ಒಳಗೆ ಜನರಲ್ ಎಲೆಕ್ಟ್ರಿಕ್ಕಿನ ದೀಪಸ್ತಂಭವಿತ್ತು. ವೆಸ್ಟಿಂಗ್‌ಹೌಸ್ ವಿಭಾಗದಲ್ಲಿ ನಿಕೋಲಾ ಟೆಸ್ಲಾ ತಿರುಗುವ ಕಾಂತಕ್ಷೇತ್ರದ ಮೇಲೆ ತಾಮ್ರದ ಮೊಟ್ಟೆಯನ್ನು ಬುಗುರಿಯಂತೆ ತುದಿಯ ಮೇಲೆ ನಿಲ್ಲಿಸಿ ತೋರಿಸಿದ 'ಕೊಲಂಬಸನ ಮೊಟ್ಟೆ' ಎಂಬ ಉಪಕರಣವಿತ್ತು.

ಭಾರತೀಯ ಓದುಗರಿಗೆ ಷಿಕಾಗೊ ಎಂದೊಡನೆ ನೆನಪಾಗುವುದು ಸ್ವಾಮಿ ವಿವೇಕಾನಂದರು. ಸೆಪ್ಟೆಂಬರ್ ೧೧ರಂದು ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನವು ಇದೇ ಮೇಳದ ಅಂಗವಾಗಿ, ಆದರೆ ಮೇಳದ ಮೈದಾನದಿಂದ ದೂರ, ಇಂದು ಆರ್ಟ್ ಇನ್‌ಸ್ಟಿಟ್ಯೂಟ್ ಇರುವ ಕಟ್ಟಡದಲ್ಲಿ ನಡೆಯಿತು. ಜೈನಧರ್ಮದ ಪ್ರತಿನಿಧಿಯಾಗಿ ವೀರಚಂದ ಗಾಂಧಿಯವರು ಅಲ್ಲಿ ಮಾತನಾಡಿದರು. ಮೂಡುಬಿದಿರೆಯಂತಹ ಜೈನ ಕೇಂದ್ರಗಳ ಓದುಗರಿಗೆ ಇದು ತಿಳಿದಿರಬೇಕಾದ ಸಂಗತಿ. ಮೇಳದ ವಿದ್ಯುತ್ ಭವನದ ಚಿತ್ರಗಳನ್ನು 'ವಿವೇಕಾನಂದರು ಮಾತನಾಡಿದ ಸ್ಥಳ' ಎಂದು ತೋರಿಸುವುದು ತಪ್ಪು.

೧೯೦೦ ಮತ್ತು ಅನಂತರ

೧೯೦೦ರ ಪ್ಯಾರಿಸ್ ಮೇಳದ 'ವಿದ್ಯುತ್ ಅರಮನೆ' ಮತ್ತು ಅದರ ಮುಂದಿನ ಜಲಮಂದಿರ ಬಣ್ಣದ ಮುದ್ರಣಕ್ಕೆ ಹೇಳಿ ಮಾಡಿಸಿದ ವಸ್ತುಗಳಾಗಿದ್ದವು. 'ಲ ಪತಿ ಜುರ್ನಾಲ್' ಪತ್ರಿಕೆಯ ಸಚಿತ್ರ ಪುರವಣಿ ೧೮೯೦ರಿಂದಲೇ ಬಣ್ಣದಲ್ಲಿ ಬರುತ್ತಿತ್ತು.

೧೯೦೧ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ನಡೆದ ಮೇಳ ನಯಾಗರಾ ಜಲಪಾತದ ವಿದ್ಯುತ್ತಿನಿಂದ ಬೆಳಗಿತು. ಎತ್ತರದ ವಿದ್ಯುತ್ ಗೋಪುರ, ಕಟ್ಟಡಗಳ ಅಂಚಿನುದ್ದಕ್ಕೂ ಪೋಣಿಸಿದ ಬುರುಡೆಗಳು ಈ ಮೇಳದ ಗುರುತು. ಸೆಪ್ಟೆಂಬರ್ ೬ರಂದು ಅಲ್ಲಿನ ಸಂಗೀತ ಮಂದಿರದಲ್ಲಿ ಅಧ್ಯಕ್ಷ ಮೆಕಿನ್ಲಿಯ ಮೇಲೆ ಗುಂಡು ಹಾರಿಸಲಾಯಿತು. ಮೇಳದ ಸಣ್ಣ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆರಂಭವಾದಾಗ ಸಾಕಷ್ಟು ಬೆಳಕಿರಲಿಲ್ಲ. ಮುಳುಗುತ್ತಿದ್ದ ಸೂರ್ಯನ ಬೆಳಕನ್ನು ಪ್ರತಿಫಲಿಸಿ ಗಾಯದ ಮೇಲೆ ಬೀಳಿಸಬೇಕಾಯಿತು. ಮೇಳದಲ್ಲಿ ಪ್ರದರ್ಶನಕ್ಕಿದ್ದ ಎಕ್ಸ್‌ರೇ ಯಂತ್ರವನ್ನು ಬಳಸಲಿಲ್ಲ. ಅಧ್ಯಕ್ಷರು ಸೆಪ್ಟೆಂಬರ್ ೧೪ರಂದು ತೀರಿಕೊಂಡರು. ಆ ವಾರಗಳ ಪತ್ರಿಕೆಗಳಲ್ಲಿ ಬೆಳಕಿನ ಗೋಪುರವೂ ಶೋಕದ ಕಪ್ಪು ಅಂಚೂ ಒಟ್ಟಿಗೆ ಬರುವುದರಿಂದ ಅವುಗಳಿಗೆ ಬೇರೆಯೇ ಮಹತ್ವವಿದೆ.

೧೯೦೪ರ ಸೇಂಟ್ ಲೂಯಿ ಮತ್ತು ೧೯೧೫ರ ಸ್ಯಾನ್‌ಫ್ರಾನ್ಸಿಸ್ಕೊ ಮೇಳಗಳ ವೇಳೆಗೆ ವಿದ್ಯುದ್ದೀಪ ಸಾಮಾನ್ಯವಾಗಿತ್ತು. ಹೆಚ್ಚಿನ ಸಂಗ್ರಾಹಕರು ಇಲ್ಲಿಗೆ ನಿಲ್ಲಿಸುತ್ತಾರೆ.

ಕರ್ನಾಟಕದ ನಂಟು

ಷಿಕಾಗೊ ಮೇಳದ ಅನುಭವವೂ ಫ್ರ್ಯಾಂಕ್‌ಫರ್ಟಿನ ಪ್ರಯೋಗವೂ ನಯಾಗರಾ ಯೋಜನೆಗೆ ದಾರಿಮಾಡಿದವು. ಅಲ್ಲಿಂದ ೧೮೯೬ರಲ್ಲಿ ಬಫಲೊ ನಗರಕ್ಕೆ ವಿದ್ಯುತ್ ಹರಿಯಿತು. ಇದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತವಿತ್ತು. ಸಂಸ್ಥಾನದ ಎಂಜಿನಿಯರ್ ಎ. ಜೋಲಿ ದ ಲಾಟ್‌ಬಿನಿಯೆರ್ ಅವರು ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒಯ್ಯುವ ಯೋಜನೆಯನ್ನು ರೂಪಿಸಿದರು. ಅದಕ್ಕಾಗಿ ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ಸ್ಥಾವರಗಳನ್ನು ನೋಡಿ ಬಂದರು. ವಿದ್ಯುತ್ ಯಂತ್ರಗಳನ್ನು ಷಿಕಾಗೊದಲ್ಲಿ ದೀಪದ ಗುತ್ತಿಗೆಯನ್ನು ಕಳೆದುಕೊಂಡಿದ್ದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯೂ ಜಲಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯೂ ಒದಗಿಸಿದವು. ಭಾರವಾದ ಯಂತ್ರಭಾಗಗಳನ್ನು ರೈಲಿನಿಂದ ಇಳಿಸಿ ಆನೆಗಳ ನೆರವಿನಿಂದ ಶಿವನಸಮುದ್ರಕ್ಕೆ ಸಾಗಿಸಲಾಯಿತು. ೧೯೦೨ರ ಜೂನ್ ೩೦ರಂದು ಸುಮಾರು ೧೪೭ ಕಿಲೋಮೀಟರ್ ಉದ್ದದ ತಂತಿಮಾರ್ಗದಲ್ಲಿ ಕೋಲಾರಕ್ಕೆ ವಿದ್ಯುತ್ ಹರಿಯಿತು. ಅಂದು ಪ್ರಪಂಚದ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು.

ಶೇಷಾದ್ರಿ ಅಯ್ಯರ್ ಅವರು ೧೯೦೧ರ ಸೆಪ್ಟೆಂಬರಿನಲ್ಲೇ ನಿಧನರಾದುದರಿಂದ ತಾವು ಹಠಹಿಡಿದು ನಡೆಸಿದ ಕಾರ್ಯದ ಫಲವನ್ನು ನೋಡಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರಿನ ಈ ವಿದ್ಯುತ್ ಘಟ್ಟ ಇಳಿದು ಬರಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಚಿಮಿಣಿ ದೀಪ, ಲಾಟೀನುಗಳು ಬಹುಕಾಲ ಮುಂದುವರಿದವು. ಈ ಪ್ರದೇಶದ ಮಕ್ಕಳಿಗೆ ವಿಜ್ಞಾನದ ಜಗತ್ತನ್ನು ಚಿತ್ರಸಹಿತ ಕನ್ನಡದಲ್ಲಿ ತೆರೆದವರು ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು. ೧೯೩೬ರಲ್ಲಿ ಬಂದ ಅವರ 'ಬಾಲ ಪ್ರಪಂಚ'ವನ್ನು, ಯೂರೋಪಿನ ಸಚಿತ್ರ ಪತ್ರಿಕೆಗಳು ಮಾಡಿದ ಕೆಲಸವನ್ನು ಕನ್ನಡದಲ್ಲಿ ಒಬ್ಬನೇ ವ್ಯಕ್ತಿ ಮಾಡಿದ ಪ್ರಯತ್ನವೆಂದು ಕರೆಯಬಹುದು.

ಹಳೆಯ ವಸ್ತುಗಳನ್ನು ಕೂಡಿಡುವ ಸಂಸ್ಕೃತಿ ಈ ಮೂರು ತಾಣಗಳಲ್ಲಿ ಬಲವಾಗಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಪ್ರಾಚ್ಯವಸ್ತುಗಳು, ಹಸ್ತಪ್ರತಿಗಳು, ಹಳೆಯ ಕ್ಯಾಮೆರಾಗಳು ಇವೆ. ಹಳೆಯ ಮೋಟಾರು ವಾಹನಗಳ ಸಂಗ್ರಹವೂ ಧರ್ಮಸ್ಥಳದಲ್ಲಿದೆ. ಬಂಟ್ವಾಳದ ಬಿ.ಸಿ.ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವು ಪ್ರೊ. ತುಕಾರಾಮ ಪೂಜಾರಿಯವರ ಪರಿಶ್ರಮದಿಂದ ತುಳುನಾಡಿನ ದಿನಬಳಕೆಯ ವಸ್ತುಗಳನ್ನು ಒಟ್ಟುಗೂಡಿಸಿದೆ. ಮೂಡುಬಿದಿರೆಯ ಜೈನಮಠದ ತಾಳೆಗರಿ ಗ್ರಂಥಗಳು, ವಿಶೇಷವಾಗಿ ಧವಲಾ ಗ್ರಂಥಗಳು, ಶತಮಾನಗಳ ಜೋಪಾನದಿಂದ ಉಳಿದುಬಂದವು.

ಅಸಲಿ ಪುಟದ ಗುರುತು

ಭೂತಗನ್ನಡಿಯೊಂದಿದ್ದರೆ ಮೊದಲ ಪರೀಕ್ಷೆ ಸುಲಭ. ಮರದಚ್ಚಿನ ಚಿತ್ರದಲ್ಲಿ ಕಪ್ಪು ಭಾಗವೆಲ್ಲ ಗೆರೆಗಳಿಂದಾಗಿರುತ್ತದೆ. ಗೆರೆಗಳ ಒಳಗೇ ಸಣ್ಣ ಚುಕ್ಕೆಗಳ ಜಾಲ ಕಂಡರೆ ಅದು ಮರದಚ್ಚಿನ ಚಿತ್ರವನ್ನು ಛಾಯಾಚಿತ್ರ ತೆಗೆದು ಮರುಮುದ್ರಿಸಿದ ಪ್ರತಿ. ಬಣ್ಣಬಣ್ಣದ ಚುಕ್ಕೆಗಳು ಹೂವಿನ ಆಕಾರದಲ್ಲಿ ಕಂಡರೆ ಅದು ಈಚಿನ ಆಫ್‌ಸೆಟ್ ಮುದ್ರಣ.

ಎರಡನೆಯದು ಹಿಂಬದಿ. ಪತ್ರಿಕೆಯ ಪುಟವಾದುದರಿಂದ ಹಿಂದೆ ಬರಹವೋ ಜಾಹೀರಾತೋ ಇನ್ನೊಂದು ಚಿತ್ರವೋ ಇರುವುದು ಸಹಜ. ಜೋಡಿಪುಟದ ಚಿತ್ರಗಳಿಗೆ ಕೆಲವೊಮ್ಮೆ ಹಿಂಬದಿ ಖಾಲಿಯಿರುತ್ತದೆ, ಆದರೆ ನಡುವೆ ಮಡಿಕೆಯ ಗುರುತು ಇರಲೇಬೇಕು. ಮೂರನೆಯದು ಪುಟದ ತಲೆಯಲ್ಲಿ ಅಚ್ಚಾದ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ. ಚೌಕಟ್ಟು ಹಾಕಲು ಅನುಕೂಲವೆಂದು ಇವನ್ನು ಕತ್ತರಿಸಿ ತೆಗೆದ ಪುಟಗಳು ಮಾರುಕಟ್ಟೆಯಲ್ಲಿ ಬಹಳ. ದಿನಾಂಕ ಹೋದರೆ ಪುಟದ ಅರ್ಧ ಮೌಲ್ಯ ಹೋದಂತೆ; ಹಣದ ಮೌಲ್ಯಕ್ಕಿಂತ ಸಾಕ್ಷ್ಯದ ಮೌಲ್ಯ.

ಬಣ್ಣದ ವಿಷಯದಲ್ಲಿ ಎಚ್ಚರ ಅಗತ್ಯ. ೧೮೮೧ರ ಇಂಗ್ಲಿಷ್ ಅಥವಾ ಅಮೆರಿಕದ ವಾರಪತ್ರಿಕೆಯ ಸಾಮಾನ್ಯ ಪುಟವೊಂದು ಬಣ್ಣದಲ್ಲಿ ಕಂಡರೆ, ಆ ಬಣ್ಣವನ್ನು ಬಹುಮಟ್ಟಿಗೆ ಅನಂತರದ ವ್ಯಾಪಾರಿಗಳು ಕೈಯಿಂದ ಹಚ್ಚಿರುತ್ತಾರೆ. ಅದನ್ನು ಮೋಸವೆನ್ನಲಾಗದು, ಆದರೆ 'ಮೂಲ ಬಣ್ಣ' ಎಂದು ಮಾರಿದರೆ ಮೋಸವೇ. ವಿದ್ಯುದ್ದೀಪಕ್ಕೆ ಹಳದಿ ಬಣ್ಣ ಹಚ್ಚಿದ ಪುಟಗಳಲ್ಲಿ ಇನ್ನೊಂದು ತೊಂದರೆಯಿದೆ: ಆರ್ಕ್ ದೀಪದ ಬೆಳಕು ಹಳದಿಯಲ್ಲ, ಕಣ್ಣು ಕೋರೈಸುವ ಬಿಳಿ.

ಚಿತ್ರ ಅಸಲಿಯೆಂದ ಮಾತ್ರಕ್ಕೆ ಅದು ಹೇಳುವುದೆಲ್ಲ ನಿಜವೆಂದಲ್ಲ. ವಾರಪತ್ರಿಕೆಗಳು ಮೇಳ ತೆರೆಯುವ ಮುನ್ನವೇ ವಾಸ್ತುಶಿಲ್ಪಿಯ ನಕ್ಷೆಗಳನ್ನು ನೋಡಿ ಕಟ್ಟಡದ ಚಿತ್ರ ಅಚ್ಚುಹಾಕುತ್ತಿದ್ದವು. ಆದ್ದರಿಂದ ಪುಟದ ದಿನಾಂಕವನ್ನು ಮೇಳದ ಆರಂಭದ ದಿನಾಂಕದೊಂದಿಗೆ ಹೋಲಿಸುವುದು ಮೊದಲ ಕೆಲಸ. ಮೇ ತಿಂಗಳಿಗೆ ತೆರೆದ ಮೇಳದ ದೀಪಾಲಂಕಾರ ಮಾರ್ಚ್ ತಿಂಗಳ ಪುಟದಲ್ಲಿದ್ದರೆ, ಅದು ಕಲಾವಿದನ ಕಲ್ಪನೆ. ರಾತ್ರಿಯ ದೃಶ್ಯಗಳಲ್ಲಿ ಶೋಧದೀಪದ ಕಿರಣಗಳನ್ನು ಬಿಳಿ ಪಟ್ಟೆಗಳಂತೆ ಎಳೆಯುವುದು ಕೆತ್ತನೆಗಾರರ ರೂಢಿ; ಅದರಿಂದ ಬೆಳಕಿನ ಪ್ರಮಾಣವನ್ನು ಅಳೆಯಲಾಗದು.

ಕರಾವಳಿಯ ಹವೆಯಲ್ಲಿ ಸಂರಕ್ಷಣೆ

೧೮೬೦ರವರೆಗಿನ ಪತ್ರಿಕೆಗಳ ಕಾಗದ ಹೆಚ್ಚಾಗಿ ಚಿಂದಿಬಟ್ಟೆಯ ನಾರಿನದು, ಗಟ್ಟಿ. ಅನಂತರ ಮರದ ತಿರುಳಿನ ಅಗ್ಗದ ಕಾಗದ ಬಳಕೆಗೆ ಬಂದಿತು. ಅದರಲ್ಲಿರುವ ಲಿಗ್ನಿನ್ ಮತ್ತು ಆಮ್ಲಾಂಶದಿಂದ ಹಾಳೆ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ವಿಚಿತ್ರವೆಂದರೆ ೧೮೫೧ರ ಪುಟ ೧೯೦೧ರ ಪುಟಕ್ಕಿಂತ ಚೆನ್ನಾಗಿ ಉಳಿದಿರುವುದು ಸಾಮಾನ್ಯ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಘಟ್ಟದ ಬುಡದಲ್ಲಿರುವ ಬೆಳ್ತಂಗಡಿಯಲ್ಲಿ ಗೋಡೆಗಳು ವಾರಗಟ್ಟಲೆ ಒಣಗುವುದಿಲ್ಲ. ಗಾಳಿಯ ತೇವಾಂಶ ಶೇಕಡಾ ೬೫ನ್ನು ದಾಟಿದರೆ ಕಾಗದದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ, ಕಂದು ಚುಕ್ಕೆಗಳು ಏಳುತ್ತವೆ. ಗೆದ್ದಲು ಮತ್ತು ಬೆಳ್ಳಿಬಣ್ಣದ ಪುಸ್ತಕದ ಹುಳುಗಳ ಕಾಟ ಬೇರೆ. ನೇತ್ರಾವತಿಯ ದಂಡೆಯಲ್ಲಿರುವ ಬಂಟ್ವಾಳ ಪೇಟೆಗೆ ನೆರೆಯ ಭಯವೂ ಇದೆ. ೧೯೨೩ ಮತ್ತು ೧೯೭೪ರ ನೆರೆಗಳನ್ನು ಊರಿನ ಹಿರಿಯರು ಇಂದಿಗೂ ವರ್ಷದ ಹೆಸರಿನಿಂದಲೇ ನೆನೆಯುತ್ತಾರೆ. ಇಂತಹ ಕಡೆ ಕಾಗದವನ್ನು ನೆಲಮಟ್ಟದ ಕೋಣೆಯಲ್ಲಿ ಇಡುವುದೆಂದರೆ ನೀರಿಗೆ ಒಪ್ಪಿಸಿದಂತೆ.

ಈ ಭಾಗದ ಮನೆಗಳಲ್ಲಿ ರೂಢಿಯಲ್ಲಿರುವ ಕೆಲವು ಕ್ರಮಗಳು ಒಂದು ವಸ್ತುವಿಗೆ ಹಿತ, ಇನ್ನೊಂದಕ್ಕೆ ಅಹಿತ. ತಾಳೆಗರಿಗೆ ಎಣ್ಣೆ ಸವರುವುದು ಸರಿಯಾದ ಪದ್ಧತಿ; ಅದರಿಂದ ಗರಿ ಬಾಗುತ್ತದೆ, ಹುಳು ದೂರವಿರುತ್ತದೆ. ಅದೇ ಎಣ್ಣೆ ಕಾಗದಕ್ಕೆ ತಾಗಿದರೆ ಮಾಸದ ಕಲೆಯಾಗಿ, ಹಿಂಬದಿಯ ಅಕ್ಷರ ಮುಂದಕ್ಕೆ ತೋರುತ್ತದೆ. ಅಡುಗೆಮನೆಯ ಮೇಲಿನ ಅಟ್ಟ ಬೆಚ್ಚಗಿದ್ದು ಹುಳುವನ್ನು ತಡೆಯುತ್ತದೆ, ಆದರೆ ಹೊಗೆಯ ಮಸಿ ಹಾಳೆಯೊಳಕ್ಕೆ ಇಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಪುಸ್ತಕಗಳನ್ನು ಬಿಸಿಲಿಗೆ ಹರಡುವುದೂ ಮರದ ತಿರುಳಿನ ಕಾಗದಕ್ಕೆ ಮಾರಕ. ನೆರಳಿನಲ್ಲಿ ಗಾಳಿಯಾಡಿಸುವುದು ಸಾಕು. ಹಾಳೆಗಳನ್ನು ಆಮ್ಲರಹಿತ ಕಾಗದದ ನಡುವೆ, ಸಮತಟ್ಟಾಗಿ, ಗೋಡೆಗೆ ತಾಗದ ಕಪಾಟಿನಲ್ಲಿ ಇಡಬೇಕು. ಹರಿದ ಕಡೆ ಅಂಟುಪಟ್ಟಿ ಹಚ್ಚಬಾರದು. ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದ ಪುಟವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ಅಸಾಧ್ಯವೆಂದೇ ಹೇಳಬೇಕು. ಗುರುತು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಮಾತ್ರ.

ಸಂಪುಟಗಳನ್ನು ಒಡೆಯುವ ಸಮಸ್ಯೆ

ಈ ಹವ್ಯಾಸದ ಮೇಲಿರುವ ಗಂಭೀರ ಆಕ್ಷೇಪವೊಂದಿದೆ. ಮಾರುಕಟ್ಟೆಗೆ ಬಿಡಿಪುಟಗಳಾಗಿ ಬರುವ ಚಿತ್ರಗಳು ಬಹುಪಾಲು ರಟ್ಟುಕಟ್ಟಿದ ವಾರ್ಷಿಕ ಸಂಪುಟಗಳನ್ನು ಒಡೆದು ಕತ್ತರಿಸಿದವು. ಇಡೀ ಸಂಪುಟಕ್ಕಿಂತ ಬಿಡಿಪುಟಗಳ ಒಟ್ಟು ಬೆಲೆ ಹೆಚ್ಚಾದುದರಿಂದ ವ್ಯಾಪಾರಿಗೆ ಒಡೆಯುವುದೇ ಲಾಭ. ಚಿತ್ರವಿರುವ ಪುಟ ಚೌಕಟ್ಟಿಗೆ ಹೋಗುತ್ತದೆ. ಆ ಚಿತ್ರವನ್ನು ವಿವರಿಸುವ ಲೇಖನ, ಅದೇ ವಾರದ ಜಾಹೀರಾತು, ಓದುಗರ ಪತ್ರ ಗುಜರಿಗೆ ಹೋಗುತ್ತವೆ. ಮೇಳದ ಡೈನಮೊ ಎಷ್ಟು ದೀಪಗಳನ್ನು ಬೆಳಗಿತು ಎಂಬ ಮಾಹಿತಿ ಇರುವುದು ಆ ಗುಜರಿಗೆ ಹೋದ ಪುಟದಲ್ಲೇ.

ಗ್ರಂಥಾಲಯಗಳೂ ಇದರಲ್ಲಿ ಪಾಲುದಾರರು. ೨೦ನೆಯ ಶತಮಾನದ ಮಧ್ಯಭಾಗದ ಅನಂತರ ಅಮೆರಿಕದ ಅನೇಕ ಗ್ರಂಥಾಲಯಗಳು ಪತ್ರಿಕೆಗಳನ್ನು ಮೈಕ್ರೊಫಿಲ್ಮಿಗೆ ಇಳಿಸಿ ಮೂಲ ಸಂಪುಟಗಳನ್ನು ವಿಲೇವಾರಿ ಮಾಡಿದವು. ಮೈಕ್ರೊಫಿಲ್ಮಿನಲ್ಲಿ ಅಕ್ಷರವನ್ನು ಓದಬಹುದು. ಬಣ್ಣದ ಪುಟ ಕಪ್ಪುಬಿಳುಪಾಗುತ್ತದೆ, ನವಿರಾದ ಕೆತ್ತನೆ ಮಸಿಯ ಮುದ್ದೆಯಾಗುತ್ತದೆ. ೧೯೯೯ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನಲ್ಲಿದ್ದ ಅಮೆರಿಕದ ಪತ್ರಿಕೆಗಳ ಸಂಪುಟಗಳನ್ನು ಮಾರಾಟಕ್ಕಿಟ್ಟಾಗ ಲೇಖಕ ನಿಕಲ್ಸನ್ ಬೇಕರ್ ಸ್ವಂತ ಹಣ ಹೂಡಿ ಸಾವಿರಾರು ಸಂಪುಟಗಳನ್ನು ಉಳಿಸಿಕೊಂಡರು. ಈ 'ಅಮೆರಿಕನ್ ನ್ಯೂಸ್‌ಪೇಪರ್ ರೆಪಾಸಿಟರಿ' ಸಂಗ್ರಹ ೨೦೦೪ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಸೇರಿತು. ಈ ವಿಷಯವನ್ನೇ ಕುರಿತ ಅವರ 'ಡಬಲ್ ಫೋಲ್ಡ್' (೨೦೦೧) ಗ್ರಂಥ ಗ್ರಂಥಪಾಲಕರ ವಲಯದಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು.

ಜವಾಬ್ದಾರಿಯುಳ್ಳ ಸಂಗ್ರಾಹಕರು ಇಂದು ಇಡೀ ಸಂಚಿಕೆಯನ್ನೋ ಸಂಪುಟವನ್ನೋ ಕೊಳ್ಳಲು ಬಯಸುತ್ತಾರೆ. ಈಗಾಗಲೇ ಬಿಡಿಯಾಗಿರುವ ಪುಟ ದೊರೆತರೆ ಅದರ ಲೇಖನಭಾಗವನ್ನು ಡಿಜಿಟಲ್ ಪ್ರತಿಯಿಂದ ಹುಡುಕಿ ಜೊತೆಗಿಡುತ್ತಾರೆ.

ಕಾನೂನು ಮತ್ತು ಲಭ್ಯತೆ

ಈ ಚಿತ್ರಗಳ ಕೃತಿಸ್ವಾಮ್ಯದ ಅವಧಿ ಸಾಮಾನ್ಯವಾಗಿ ಮುಗಿದಿರುವುದರಿಂದ ಶಾಲಾ ಪಾಠಗಳಲ್ಲಿ, ಲೇಖನಗಳಲ್ಲಿ ಬಳಸಲು ಅಡ್ಡಿಯಿಲ್ಲ. ಆದರೆ ಭಾರತದಲ್ಲಿರುವ ನೂರು ವರ್ಷ ಮೀರಿದ ಕಲಾಕೃತಿ ಅಥವಾ ಎಪ್ಪತ್ತೈದು ವರ್ಷ ಮೀರಿದ ಐತಿಹಾಸಿಕ ಮೌಲ್ಯದ ದಾಖಲೆಯನ್ನು ವಿದೇಶಕ್ಕೆ ಮಾರುವ ಮುನ್ನ ೧೯೭೨ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತುಗಳ ಅಧಿನಿಯಮವನ್ನು ಗಮನಿಸಬೇಕು. ಪುರಾತನ ವಸ್ತುವಿನ ವರ್ಗಕ್ಕೆ ಸೇರುವ ಯಾವುದನ್ನೂ ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ.

ವಿಶ್ವಮೇಳಗಳ ಕುರಿತ ದೊಡ್ಡ ಸಂಗ್ರಹವೊಂದು ಅಮೆರಿಕದ ಫ್ರೆಸ್ನೊದಲ್ಲಿರುವ ಕ್ಯಾಲಿಫೋರ್ನಿಯ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಜಿ. ಲಾರ್ಸನ್ ಅವರ ಹೆಸರಿನಲ್ಲಿದೆ. ವಿದ್ಯುತ್ತಿನ ಇತಿಹಾಸಕ್ಕೆ ಮಿನಿಯಾಪೊಲಿಸ್‌ನ ಬಾಕೆನ್ ವಸ್ತುಸಂಗ್ರಹಾಲಯ ಹೆಸರಾಗಿದೆ. ಮನೆಯಲ್ಲೇ ಕುಳಿತು ನೋಡಬಯಸುವ ವಿದ್ಯಾರ್ಥಿಗಳಿಗೆ ಇಂಟರ್ನೆಟ್ ಆರ್ಕೈವ್, ಹಾತಿಟ್ರಸ್ಟ್, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣಗಳಲ್ಲಿ ಆ ಕಾಲದ ಅನೇಕ ಪತ್ರಿಕೆಗಳ ಸಂಪುಟಗಳು ಉಚಿತವಾಗಿ ದೊರೆಯುತ್ತವೆ. 'ಲಾ ನಾತೂರ್' ಪತ್ರಿಕೆಯನ್ನು ಪ್ಯಾರಿಸ್ಸಿನ ಕಲೆ ಮತ್ತು ಕಸುಬುಗಳ ರಾಷ್ಟ್ರೀಯ ವಿದ್ಯಾಲಯ ತನ್ನ ಡಿಜಿಟಲ್ ಗ್ರಂಥಾಲಯದಲ್ಲಿ ಒದಗಿಸಿದೆ. ಹುಡುಕುವಾಗ ಪತ್ರಿಕೆಯ ಹೆಸರನ್ನು ಅಂದಿನ ಕಾಗುಣಿತದಲ್ಲೇ ಕೊಡಬೇಕು. ಲೈಪ್‌ಜಿಗ್ ಪತ್ರಿಕೆಯ ಹೆಸರಿನ ಮೊದಲ ಪದದಲ್ಲಿ ಇಂದಿನ ಜರ್ಮನ್ ಕಾಗುಣಿತಕ್ಕಿಂತ ಒಂದು ಅಕ್ಷರ ಕಡಿಮೆ. ಹೊಸ ಕಾಗುಣಿತದಲ್ಲಿ ಹುಡುಕಿದವರಿಗೆ ಬೇರೆಯೇ ಪತ್ರಿಕೆಗಳು ಸಿಕ್ಕುತ್ತವೆ.